ಹೆಡ್ ಅವನದು, ಕ್ಯಾಮ್ ನನ್ನದು

ಫೆಬ್ರವರಿ ೧, ಗುರುವಾರ

ಒಂದನೇ ತಾರೀಕು. ಕಾರು ಬಂತು. ಎಂದಿನಂತೆ ತರೀಕೆರೆ ಬಸ್‌ಸ್ಟ್ಯಾಂಡ್ ಎದುರು. ತಮ್ಮ ರಘು ಕೀ ಕೊಟ್ಟ, ನಾನು ಟೀ ಕುಡಿಸಿದೆ, ಕಡೂರಿನ ಬಸ್ ಹತ್ತಿ ಹೊರಟ.

ಅಪ್ಪನ ತೆಂಗಿನ ತೋಟ ಪಾಲಾಯಿತು. ಅಪ್ಪನ ಫಿಯೆಟ್ ಕೊಯ್ದು ಹಂಚಲು ಆಗಲಿಲ್ಲ. ತಿಂಗಳ ಮೊದಲರ್ಧ ನನಗೆ, ಉಳಿದರ್ಧ ಅವನಿಗೆ. ಹೆಣ್ಣುಮಗಳು ಪಾಲು ಕೇಳಿದೆ ಅಂತ ಅವನಿಗೆ ಮುನಿಸು. ನಾಲ್ಕು ವರ್ಷದಿಂದ ಲಿಂಗದಹಳ್ಳಿಯ ನನ್ನ ಮನೆಗೆ ಕಾಲಿಟ್ಟಿಲ್ಲ. "ಬಾರೋ, ಊಟ ಮಾಡ್ಕಂಡು ಹೋಗುವಂತೆ" ಅಂದೆ. "ಫೋಟೋ ಆರ್ಡರ್ ಐತೆ ಅಕ್ಕ." ದರಿದ್ರದ ಆರ್ಡರು! ತಿಂಗಳಿಗೆ ಎರಡು ಟೀ. ಇಷ್ಟೇ ಉಳಿದಿರುವುದು.

ಫೆಬ್ರವರಿ ೩

ಕೆಟ್ಟಿತು. ನನ್ನ ನರ್ಸರಿಗೆ ಸಸಿ ತುಂಬಿಕೊಂಡು ನಮ್ಮ ಮನೆ ದಿಬ್ಬ ಹತ್ತುವಾಗ ಬುಸ್ಸೆಂದು ಹಬೆ... ತರೀಕೆರೆಯ ಷಣ್ಮುಖಪ್ಪನ ಗ್ಯಾರೇಜಿಗೆ ಎಳೆಸಿದ್ದಾಯಿತು. ಇಂಜಿನ್ ಮೇಲೆ ಕೂರುವ ಹೆಡ್ ಬಿರುಕು ಬಿಟ್ಟಿದೆ. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟೂ ಸವೆದಿದೆ. ಎರಡೂ ಹೊಸದು ಬೇಕು.

ಫೆಬ್ರವರಿ ೬

ಗ್ಯಾರೇಜಿನಲ್ಲಿ ಪಂಚಾಯಿತಿ. ರಘುವಿಗೆ ರೇಸ್ ಹೆಡ್ಡು, ರೇಸ್ ಕ್ಯಾಮು. ಕ್ಯಾಮೆರಾ ಹಿಡಿದು ಹೈವೇಯಲ್ಲಿ ಮದುವೆಯಿಂದ ಮದುವೆಗೆ ಹಾರಬೇಕಂತೆ. ನನಗೆ ಭಾರ ಎಳೆಯಬೇಕು, ನಿಧಾನವಾದರೂ ಸರಿ. ಷಣ್ಮುಖಪ್ಪ ಅವನಿಗೂ "ಕರೆಕ್ಟ್ ಸಾರ್", ನನಗೂ "ಕರೆಕ್ಟ್ ಮೇಡಂ". ಎಂಥಾ ಮನುಷ್ಯನಪ್ಪಾ!

ಕೊನೆಗೆ ಜಮೀನು ಹಂಚಿದ ಹಾಗೇ ಹಂಚಿದೆವು. ಹೆಡ್ ಅವನಿಷ್ಟದ್ದು, ಕ್ಯಾಮ್ ನನ್ನಿಷ್ಟದ್ದು. ಸಮಪಾಲು. "ಕರೆಕ್ಟ್" ಅಂದ ಷಣ್ಮುಖಪ್ಪ.

ಮಾರ್ಚ್ ೪

ಅಂತೂ ರೆಡಿ. ಸಸಿ ತುಂಬಿಕೊಂಡು ದಿಬ್ಬ ಹತ್ತಿಸಿದೆ. ಕಟಕಟಕಟ — ಡಬ್ಬಿಯಲ್ಲಿ ಗೋಲಿ ಹಾಕಿ ಕುಲುಕಿದ ಹಾಗೆ. ನಮ್ಮ ಯಜಮಾನರು ಓಂಕಾರೇಶ್ ಬಾಗಿಲಲ್ಲಿ ನಿಂತು, "ಏನೇ, ಇಂಜಿನ್ ಒಳಗೂ ನೀನೂ ನಿನ್ ತಮ್ಮನೂ ಕೂತಿದ್ದೀರಾ?" ನಗು ಬಂತು. ತೋರಿಸಲಿಲ್ಲ.

ಷಣ್ಮುಖಪ್ಪನಿಗೆ ಫೋನ್ ಮಾಡಿದೆ. ರಘುವಿನ ಹೆಡ್ ಗಾಳಿಯನ್ನು ಬಿಗಿಯಾಗಿ ಅಮುಕುತ್ತದಂತೆ. ನನ್ನ ಕ್ಯಾಮ್ ಗಾಡಿ ನಿಧಾನವಿದ್ದಾಗಲೂ ಗಾಳಿ ಜಾಸ್ತಿ ತುಂಬುತ್ತದಂತೆ. ಎರಡೂ ಸೇರಿದರೆ ಒತ್ತಡ ಜಾಸ್ತಿ, ಅದಕ್ಕೇ ಕಟಕಟ. "ಒಂದಕ್ಕೊಂದು ಆಗಿಬರಲ್ಲ ಮೇಡಂ."

"ಮೊದ್ಲೇ ಹೇಳಕ್ಕೆ ಏನಾಗಿತ್ತು?"

"ನೀವಿಬ್ರೂ ಅಷ್ಟೊಂದು ಖುಷಿಯಾಗಿದ್ರಿ..."

ಮಾರ್ಚ್ ೬

ಫೋನಿನಲ್ಲಿ ಜಗಳ. ನಿನ್ನ ಕ್ಯಾಮ್ ಬಿಚ್ಚು ಅಂತ ಅವನು, ನಿನ್ನ ಹೆಡ್ ಬಿಚ್ಚು ಅಂತ ನಾನು. "ಮಾರ್‌ಬಿಡಣ ಅಕ್ಕ. ನಂಗೂ ಬ್ಯಾಡ, ನಿಂಗೂ ಬ್ಯಾಡ" ಅಂದ. "ಮಾರು!" ಅಂದುಬಿಟ್ಟೆ. ನನ್ನ ಬಾಯಿಗೆ ಬೆಂಕಿ ಬೀಳ.

ಕಾರು ಹೋದರೆ ಟೀಯೂ ಹೋಯಿತು. ಆಮೇಲೆ ಅವನನ್ನು ಯಾವ ನೆಪದಲ್ಲಿ ನೋಡಲಿ? ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ.

ಮಾರ್ಚ್ ೧೦, ಭಾನುವಾರ

ಅಜ್ಜಂಪುರದಿಂದ ಉಗ್ರಪ್ಪ ಅನ್ನುವವರು ಕೊಳ್ಳಲು ಗ್ಯಾರೇಜಿಗೆ ಬಂದಿದ್ದರು. ರಘುವೂ ಇದ್ದ. ಸುತ್ತ ಓಡಿಸಿ ನೋಡಿದರು. "ಸದ್ದು ಬಂದ್ರೆ ಬರ್ಲಿ ಬಿಡಿ, ಸರಿ ಮಾಡುಸ್ಕೋತೀನಿ. ಒಳ್ಳೆ ಗಾಡಿ."

"ಬ್ರೇಕ್ ಹಿಡಿಯಲ್ಲ ಕಣ್ರೀ" ಅಂದೆ. ಹಸೀ ಸುಳ್ಳು.

ರಘು ತಟ್ಟನೆ, "ಸ್ಟೇರಿಂಗೂ ಎಡಕ್ಕೆ ಎಳೀತದೆ."

"ಮಳೇಲಿ ಸೋರ್ತದೆ" ಅಂದೆ.

"ಸೀಟ್ ಒಳ್ಗೆ ಇಲಿ ಅವೆ" ಅಂದ.

"ಕರೆಕ್ಟ್" ಅಂದ ಷಣ್ಮುಖಪ್ಪ!

ಉಗ್ರಪ್ಪ ಟವೆಲ್ ಕೊಡವಿದರು. "ಮಾರಕ್ಕೆ ಕರುದ್ರೋ, ಆಟ ಆಡ್ಸಕ್ಕೆ ಕರುದ್ರೋ?" ಹೊರಟೇಹೋದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ನಕ್ಕೆವು ನೋಡು, ಹೊಟ್ಟೆ ಹಿಡಿದುಕೊಂಡು. ಅವನು ಹಾಗೆ ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತು.

ಟೀ ಕುಡಿಯುತ್ತಾ ಅವನೇ ಹೇಳಿದ. "ನಿನ್ ದಿಬ್ಬ ಹತ್ತೋ ಗಾಡಿ ನನ್ ರೋಡಲ್ಲೂ ಓಡ್ತದೆ. ನನ್ ರೋಡಲ್ಲಿ ಹಾರೋದು ನಿನ್ ದಿಬ್ಬ ಹತ್ತಲ್ಲ. ಹೆಡ್ಡೂ ನೀನೇ ಆರ್ಸು ಅಕ್ಕ." "ಗಾಡಿ ಬಣ್ಣ ನೀನು ಆರ್ಸೋ" ಅಂದೆ.

ಮಾರ್ಚ್ ೧೬

ಹಳೇ ಮಾದರಿಯ ಹೆಡ್ ಹಾಕಿಸಿದ್ದಾಯಿತು. ಸದ್ದಿಲ್ಲ. ಇವತ್ತಿಂದ ಅವನ ಪಾಳಿ, ಗ್ಯಾರೇಜಿನಿಂದಲೇ ಒಯ್ದ. ದಿಬ್ಬ ಹತ್ತಿಸಿ ನೋಡುವ ಆಸೆ ಇತ್ತು... ಇನ್ನು ಒಂದನೇ ತಾರೀಕಿಗೇ.

ಮಾರ್ಚ್ ೧೭, ಭಾನುವಾರ, ಬೆಳಿಗ್ಗೆ ಹನ್ನೊಂದು

ಸಸಿಗೆ ನೀರು ಹಾಕಿಯಾಯಿತು. ಯಜಮಾನರು ಅಮೃತಾಪುರಕ್ಕೆ ಹೋಗಿದ್ದಾರೆ. ಅನ್ನ, ಸೊಪ್ಪಿನ ಸಾರು ಅಷ್ಟೇ, ನನ್ನೊಬ್ಬಳಿಗೆ.

ಕೆಳಗೆ ತಿರುವಿನಲ್ಲಿ ಯಾವುದೋ ಕಾರು. ಫಿಯೆಟ್ ಇದ್ದ ಹಾಗಿದೆ. ನಮ್ಮದಿರಲಾರದು, ಅವನ ಪಾಳಿಯಲ್ಲವೇ, ಕಡೂರಿನಲ್ಲಿರಬೇಕು. ಸೆಕೆಂಡ್ ಗೇರಿಗೆ ಬಂತು. ಕಟಕಟ ಇಲ್ಲ. ಅರ್ಧ ದಿಬ್ಬ ಹತ್ತಿತು. ಹಾರ್ನ್ — ಅಪ್ಪ ಹೊಡೆಯುತ್ತಿದ್ದ ಹಾಗೇ, ಎರಡು ಗಿಡ್ಡ, ಒಂದು ಉದ್ದ.

ಅಯ್ಯಯ್ಯೋ, ಅನ್ನ ಸಾಲುವುದಿಲ್ಲ, ಇನ್ನೊಂದು ಪಾವು ಅಕ್ಕಿ