ಚೋಟುವಿನ ಆ ಮಧ್ಯಾಹ್ನ

ನದಿ ದಂಡೆಯ ಹಳೇ ಉಗ್ರಾಣ, ಮೇಲಿನ ಕೋಣೆ
ಗುರುವಾರ, ಮಾರ್ಚ್ ೧೪

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಡಿಪೋದಲ್ಲಿ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡುವಾಗ ಬೆನ್ನಿಗೆ ದಪ್ಪನೆಯದು ಏನಾದರೂ ಹಾಸಿಕೊಳ್ಳಬೇಕಂತೆ. ಅಮ್ಮ ಹೇಳು ಎಂದಳು, ಹೇಳಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಹಿಡಿದುಕೊಂಡಿದೆ, ಬಾಯಿ ಹಿಡಿದುಕೊಂಡಿಲ್ಲ. ಎದುರು ಮನೆಯ ನಾಯಿಗೆ ಬೆಳಗ್ಗೆ ಬಾಯಿಗೆ ಬಂದಂತೆ ಬೈದು ಸಂಜೆ ಅದಕ್ಕೇ ಬ್ರೆಡ್ಡು ಹಾಕುತ್ತಾಳೆ. ನಾನು ಈ ಪತ್ರವನ್ನು ಮೂರು ಸಲ ಶುರು ಮಾಡಿ ಮೂರು ಸಲವೂ ಮುದ್ದೆ ಮಾಡಿ ಎಸೆದಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಅನ್ನುವುದು ಬಿಟ್ಟು ಬೇರೆ ಮಾತಾಡುವವನಲ್ಲ, ಈ ವಿಷಯ ಕೇಳಿದರೆ ಅದನ್ನೂ ಅನ್ನದೆ ಇಟ್ಟುಬಿಡುತ್ತೀಯ. ಅದೂ ನೆಪವೇ ಬಿಡು. ನಿನ್ನ ದನಿ ಕೇಳುವ ಮುಖ ನನಗಿಲ್ಲ.

ನೀನು ಕಂಡಿದ್ದ ನದಿ ದಂಡೆ ಈಗಿಲ್ಲ. ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದ ಕಲ್ಲಿದ್ದಲ ರಾಶಿ, ತುಕ್ಕು ಹಿಡಿದ ಕ್ರೇನು, ಕಿಟಕಿ ಒಡೆದ ಗೋದಾಮುಗಳು ಎಲ್ಲವನ್ನೂ ತೆಗೆದು ಉದ್ದಕ್ಕೂ ಕಲ್ಲು ಹಾಸಿ ಬೆಂಚು ಹಾಕಿದ್ದಾರೆ. ಸಂಜೆಯಾದರೆ ಊರಿಗೆ ಊರೇ ಅಲ್ಲಿ ನಡೆದಾಡುತ್ತದೆ. ಸೈನ್ಯದ ಹಳೇ ಉಗ್ರಾಣವೊಂದನ್ನು ಮಾತ್ರ ಕೆಡವದೆ ಸೈನಿಕ ಮ್ಯೂಸಿಯಂ ಮಾಡುತ್ತಿದ್ದಾರೆ, ಮುಂದಿನ ತಿಂಗಳು ಬಾಗಿಲು ತೆರೆಯಬೇಕು. ಲಾರಿಯ ಮೇಲೆ ಬಂದ ಟ್ಯಾಂಕು ನಮ್ಮ ಬಾಗಿಲ ಕಮಾನಿಗೆ ಸಿಕ್ಕಿಕೊಂಡು ಎರಡು ದಿನ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. “ಯುದ್ಧದಲ್ಲಿ ಯಾರೂ ನಿಲ್ಲಿಸೋಕಾಗದ್ದನ್ನ ನಮ್ಮ ಗಾರೆ ಕೆಲಸ ನಿಲ್ಲಿಸ್ತು ನೋಡಿ” ಎಂದು ಮೇಸ್ತ್ರಿ ಬೀಗಿದ್ದೇ ಬೀಗಿದ್ದು. ಫಿರಂಗಿಯ ಬಾಯಿ ಎದುರಿನ ಐಸ್‌ಕ್ರೀಮ್ ಅಂಗಡಿಗೆ ನೇರವಾಗಿತ್ತು. ಅಂಗಡಿಯವನು ಬಂದು ಗೋಗರೆದ ಮೇಲೆ ಅದನ್ನು ನದಿಯತ್ತ ತಿರುಗಿಸಿದೆವು. ಬಂದ ವಸ್ತುಗಳನ್ನು ಒರೆಸಿ, ಪಟ್ಟಿ ಮಾಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ನಾಲ್ಕು ಸಾಲು ವಿವರ ಬರೆಯುವುದು ನನ್ನ ಕೆಲಸ. ಬೂಟು, ನೀರಿನ ಡಬ್ಬಿ, ಗುಂಡು ತೂರಿಹೋದ ಹೆಲ್ಮೆಟ್ಟು. ಇಷ್ಟನ್ನು ನಿನಗೆ ಮೊದಲೇ ಬರೆದಿದ್ದೆ. ನೀನು ಉತ್ತರದಲ್ಲಿ ಹವಾಮಾನದ ಬಗ್ಗೆ ಬರೆದೆ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಸೈನ್ಯದಲ್ಲಿದ್ದಾಗ ಗಡಿಯಿಂದ ನೀನು ನನ್ನೊಬ್ಬಳಿಗೇ ಒಂದು ಪತ್ರ ಬರೆದಿದ್ದೆ. ‘ಓದಿ ಹರಿದುಹಾಕು ಪುಟ್ಟಿ, ಅಮ್ಮನಿಗೆ ತೋರಿಸಬೇಡ’ ಎಂದು ಕೊನೆಯ ಸಾಲಿನಲ್ಲಿತ್ತು. ರಜೆಗೆ ಬಂದಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತು “ಹರಿದ್ಯಾ?” ಎಂದು ಕೇಳಿದೆ. “ಆಗಲೇ” ಎಂದೆ. ಹರಿದಿರಲಿಲ್ಲ ಅಣ್ಣಾ. ಹದಿನೈದು ವರ್ಷದವಳಿಗೆ ಅಷ್ಟು ದೊಡ್ಡ ಗುಟ್ಟನ್ನು ಯಾರೂ ಕೊಟ್ಟಿರಲಿಲ್ಲ, ಅದು ನನ್ನ ಆಸ್ತಿ ಎನ್ನಿಸಿತ್ತು. ಹಳೇ ಶಾಲೆಯ ಪುಸ್ತಕದ ರಟ್ಟಿನೊಳಗೆ ಇಟ್ಟುಕೊಂಡಿದ್ದೆ.

ಎರಡು ತಿಂಗಳ ಹಿಂದೆ ನಮ್ಮ ಮುಖ್ಯಸ್ಥರು ಎಲ್ಲರನ್ನೂ ಕೂರಿಸಿಕೊಂಡು, “ಟ್ಯಾಂಕು, ಗನ್ನು ನೋಡಿ ಜನ ಫೋಟೊ ತೆಗೆಸ್ಕೊಂಡು ಹೋಗ್ತಾರೆ ಅಷ್ಟೆ. ನಿಂತು ಕಣ್ಣೊರೆಸ್ಕೊಳ್ಳೋ ಅಂಥದ್ದು ಒಂದಾದ್ರೂ ಬೇಕು” ಎಂದರು. ನಾನು, “ನನ್ನ ಹತ್ರ ಒಂದು ಕಾಗದ ಇದೆ” ಎಂದುಬಿಟ್ಟೆ. ಸತ್ಯ ಜನರಿಗೆ ತಿಳಿಯಲಿ, ಯುದ್ಧ ಎಂದರೇನು ಎಂದು ಮಕ್ಕಳು ಅರಿಯಲಿ ಎಂದೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆ ಹೊತ್ತಿನಲ್ಲಿ ಇದ್ದದ್ದು ಒಂದೇ, ಭೇಷ್ ಅನ್ನಿಸಿಕೊಳ್ಳುವ ಆಸೆ. ಅನ್ನಿಸಿಕೊಂಡೆ ಕೂಡ. ಮುಖ್ಯಸ್ಥರು ಓದಿ ಮುಗಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಒಳಗೊಳಗೇ ಉಬ್ಬಿಹೋದೆ. ನಿನ್ನ ಬದುಕಿನ ಅತಿ ಕೆಟ್ಟ ದಿನವನ್ನು ಮೇಜಿನ ಮೇಲಿಟ್ಟು ನಾನು ಉಬ್ಬಿದೆ.

ನಿನ್ನ ಅಕ್ಷರವನ್ನೇ ಆಳೆತ್ತರಕ್ಕೆ ದೊಡ್ಡದು ಮಾಡಿಸಿ ಮೂರನೇ ಕೋಣೆಯ ಗೋಡೆಗೆ ಹಾಕಿದರು. ಊಟದ ಹೊತ್ತಿಗೆ ನಿನ್ನ ಜೊತೆಯ ಸೈನಿಕ ಚೋಟು ಗುಂಡು ತಗುಲಿ ಕಲ್ಲುಗೋಡೆಯ ಆಚೆ ಬಿದ್ದದ್ದು, ಮೊದಲು ನಿನ್ನ ಹೆಸರು ಹಿಡಿದು ಕೂಗಿದ್ದು, ಆಮೇಲೆ ಕೂಗುವುದು ಬಿಟ್ಟು ತನ್ನ ಪಾಡಿಗೆ ತಾನು ಮಾತಾಡುತ್ತಿದ್ದದ್ದು, ಹೊತ್ತು ಮುಳುಗುವಾಗ ಅದೂ ನಿಂತದ್ದು, ಎಲ್ಲ ಅದರಲ್ಲಿತ್ತು. ‘ನಲವತ್ತು ಹೆಜ್ಜೆ. ಹೋಗಬೇಡ ಎಂದು ಯಾರೂ ನನ್ನನ್ನು ತಡೆದಿರಲಿಲ್ಲ. ನನ್ನ ಕಾಲು ಏಳಲಿಲ್ಲ. ಅವನು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡೆ, ಬರೆಯಲಾರೆ.’ ನಿನ್ನ ಹೆಸರು ಬಂದಲ್ಲೆಲ್ಲ ಕಪ್ಪು ಪಟ್ಟಿ ಹಾಕಿಸಿದೆ. ಅಣ್ಣನ ಮಾನ ಉಳಿಸಿದೆ ಎಂದುಕೊಂಡೆ. ಚೋಟು ಎಂಬ ಹೆಸರನ್ನು ಮುಚ್ಚಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅವನಿಗೂ ಒಂದು ಮನೆ ಇದ್ದೀತು, ಅಲ್ಲಿ ಯಾರಾದರೂ ಇದ್ದಾರು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ನಮ್ಮಲ್ಲಿ ಹಳೇ ಸಮವಸ್ತ್ರಗಳನ್ನು ರಿಪೇರಿ ಮಾಡಲು ಒಬ್ಬ ಹೊಲಿಗೆಯಮ್ಮ ಬರುತ್ತಾರೆ. ಮಡಿದ ಸೈನಿಕರ ಮನೆಯವರಿಗೆ ಕೆಲಸ ಕೊಡಬೇಕೆಂದು ಸೈನ್ಯದ ಕಚೇರಿಯಿಂದ ಬಂದ ಪಟ್ಟಿಯಲ್ಲಿ ಅವರ ಹೆಸರಿತ್ತು, ಮಗನ ಹೆಸರೂ ಇತ್ತು, ಆ ಹೆಸರನ್ನು ನಾನು ಮೊದಲು ಎಲ್ಲೂ ಕೇಳಿರಲಿಲ್ಲ. ಮೂರು ತಿಂಗಳಿಂದ ದಿನವೂ ನನ್ನ ಮೇಜಿನ ಪಕ್ಕದಲ್ಲೇ ಅವರ ಹೊಲಿಗೆ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ, ಆದರೂ ಒಂದಕ್ಷರ ತಪ್ಪುವುದಿಲ್ಲ. ಬೊಂಬೆಗಳಿಗೆ ಕೋಟು ತೊಡಿಸುವಾಗ “ಕೈ ಎತ್ತಪ್ಪ ಸ್ವಲ್ಪ, ಎಷ್ಟು ಸೆಟೆದುಕೊಳ್ತೀಯ” ಎಂದು ಗದರುತ್ತಾರೆ. ನನ್ನ ಡಬ್ಬಿಯ ಊಟ ನೋಡಿ, ಇದನ್ನ ತಿಂದು ಬದುಕಿರೋದೇ ದೊಡ್ಡದು ಎನ್ನುತ್ತಾರೆ. ನನಗೆ ಅವರೆಂದರೆ ತುಂಬ ಇಷ್ಟ.

ಮೊನ್ನೆ ಮಂಗಳವಾರ ಊಟವಾದ ಮೇಲೆ ಅವರು ಒಂದು ಗುಂಡಿ ಹುಡುಕುತ್ತಾ ಮೂರನೇ ಕೋಣೆಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಗೋಡೆಯ ಮುಂದೆ ನಿಂತು, ಒಂದೊಂದೇ ಪದಕ್ಕೆ ಬೆರಳಿಟ್ಟು ಓದುತ್ತಿದ್ದರು. ಬೆರಳು ‘ಚೋಟು’ ಎಂಬಲ್ಲಿ ನಿಂತಿತ್ತು. ನನ್ನ ಹೆಜ್ಜೆ ಸದ್ದು ಕೇಳಿಯೂ ತಿರುಗಲಿಲ್ಲ.

“ಹುಟ್ಟಿದಾಗ ಒಂದು ಗೇಣೂ ಇರ್ಲಿಲ್ಲ ಅವನು, ಅದಕ್ಕೆ ಚೋಟು ಅಂತ ಕರೆದೆ. ಆರಡಿ ಬೆಳೆದ ಮೇಲೂ ಅದೇ ಉಳೀತು. ಹೊರಗೆ ಯಾರಿಗೂ ಹೇಳ್ಬೇಡಮ್ಮ, ನಗ್ತಾರೆ ಅಂತಿದ್ದ. ಇವರಿಗೆ ಮಾತ್ರ ಹೇಳಿದ್ದಾನೆ ಅಂದ್ರೆ ಎಷ್ಟು ಬೇಕಾದೋರೋ ಏನೋ.”

ಬೆರಳು ತೆಗೆಯದೆಯೇ ಕೇಳಿದರು, “ಈ ಕಾಗದ ಬರೆದೋರು ಇದ್ದಾರಾ?”

“ಗೊತ್ತಿಲ್ಲ” ಎಂದೆ. ಹೌದು ಅಣ್ಣಾ, ಹಾಗೇ ಎಂದೆ.

“ಗುಂಡು ತಗುಲಿದ ಕ್ಷಣವೇ ಪ್ರಾಣ ಹೋಯ್ತು, ನೋವು ಗೊತ್ತಾಗ್ಲಿಲ್ಲ ಅಂತ ನನಗೆ ಕಾಗದ ಬಂದಿತ್ತು. ಹತ್ತೊಂಬತ್ತು ವರ್ಷ ಅದನ್ನೇ ನಂಬ್ಕೊಂಡು ರಾತ್ರಿ ನಿದ್ದೆ ಮಾಡಿದ್ದೀನಿ” ಎಂದರು. ಅಳಲಿಲ್ಲ. ದಾರದ ಉಂಡೆ, ಕತ್ತರಿ ಎಲ್ಲವನ್ನೂ ಅಚ್ಚುಕಟ್ಟಾಗಿ ಚೀಲಕ್ಕೆ ತುಂಬಿಕೊಂಡು, ಹೊರಡುವ ಹೊತ್ತಿಗೆ ಇನ್ನೂ ಮೂರು ಗಂಟೆ ಇದ್ದರೂ, ಹೊರಟುಹೋದರು. ಕಿಟಕಿಯಿಂದ ನೋಡಿದೆ. ಆ ಹೊಸ ಬೆಂಚುಗಳ ಸಾಲಿನಲ್ಲಿ ಒಂದರ ಮೇಲೂ ಕೂರದೆ, ನದಿಯ ಕಡೆ ತಿರುಗಿಯೂ ನೋಡದೆ ನಡೆದುಹೋದರು. ಅವರು ನಂಬಿಕೊಂಡು ಬದುಕಿದ್ದ ಒಂದೇ ಒಂದು ಮಾತನ್ನು ನಾನು ಗೋಡೆಗೆ ಮೊಳೆ ಹೊಡೆದು ಕಿತ್ತುಕೊಂಡಿದ್ದೆ. ನಿನಗೆ ದ್ರೋಹ ಮಾಡಿದ್ದು ಒಂದು. ಇದು ಅದಕ್ಕಿಂತ ಕೆಟ್ಟದ್ದು.

ನಿನ್ನೆ ಅವರು ಬರಲಾರರು ಎಂದುಕೊಂಡಿದ್ದೆ. ಸರಿಯಾಗಿ ಒಂಬತ್ತಕ್ಕೆ ಬಂದು ಕೂತರು, ಕೋಟೊಂದರ ಕಾಲರು ಹಿಡಿದು ಹೊಲಿಯತೊಡಗಿದರು. ನಾನು ಕುರ್ಚಿ ಎಳೆದುಕೊಂಡು ಎದುರು ಕೂತೆ. “ಬರೆದದ್ದು ನನ್ನ ಅಣ್ಣ. ಬದುಕಿದ್ದಾನೆ. ಹರಿದುಹಾಕು ಅಂತ ಅವನು ಹೇಳಿದ್ದ. ನಾನು ಅವನನ್ನ ಕೇಳದೆ ಗೋಡೆಗೆ ಹಾಕಿದೆ. ಮೊನ್ನೆ ನಿಮಗೆ ಸುಳ್ಳು ಹೇಳಿದೆ” ಎಂದೆ.

ಅವರು ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು. “ಹೋಗ್ಬೇಕಿತ್ತು ನಿನ್ನ ಅಣ್ಣ” ಎಂದರು. “ಹೋಗಿದ್ರೆ ಅವನೂ ಸಾಯ್ತಿದ್ದ, ಗೊತ್ತು. ನಿಮ್ಮಮ್ಮನೂ ನನ್ನ ಹಾಗೆ ಆಗ್ತಿದ್ರು, ಅದೂ ಗೊತ್ತು. ಆದ್ರೂ ಹೋಗ್ಬೇಕಿತ್ತು. ಇಷ್ಟು ಮಾತಾಡೋಕೆ ನನಗೆ ಹಕ್ಕಿದೆ.” ನಾನು ತಲೆ ಆಡಿಸಿದೆ. ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ, ಅದಕ್ಕೂ ಬೈದುಕೋ. ಆಡುವ ಅಧಿಕಾರ ನನಗಿಲ್ಲ ಎನ್ನಿಸಿತು. ಆಮೇಲೆ ಅವರು ದನಿ ತಗ್ಗಿಸಿ ಹೇಳಿದ್ದು ಇದು: “ಮಾತಾಡ್ತಿದ್ದ ಅಂತ ಬರೆದಿದೆ. ಮಧ್ಯಾಹ್ನದಿಂದ ಹೊತ್ತು ಮುಳುಗೋವರೆಗೆ ಮಾತಾಡಿದ್ದಾನೆ ನನ್ನ ಮಗ. ಏನು ಮಾತಾಡ್ದ? ಅದನ್ನ ಕೇಳಿಸ್ಕೊಂಡೋರು ಲೋಕದಲ್ಲಿ ಒಬ್ಬರೇ ಇದ್ದಾರೆ.”

ಇವತ್ತು ಬೆಳಗ್ಗೆ ಯಾರನ್ನೂ ಕೇಳದೆ ಮೇಸ್ತ್ರಿಯ ಕೈಲಿ ಗೋಡೆಯ ಹಲಗೆ ಇಳಿಸಿದೆ. ಮುಖ್ಯಸ್ಥರು ಕೆಂಡಾಮಂಡಲವಾದರು. ಮ್ಯೂಸಿಯಮ್ಮಿನ ಜೀವವನ್ನೇ ತೆಗೆದೆ ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಕೇಳಿ ತಣ್ಣಗಾದರು, ಆದರೂ ಅವರಿಗೆ ನನ್ನ ಮೇಲಿದ್ದ ನಂಬಿಕೆ ಹೋಯಿತು, ಅದು ನ್ಯಾಯವೇ. ಈಗ ಆ ಗೋಡೆ ಖಾಲಿ ಇದೆ, ಮೊಳೆಯ ತೂತುಗಳಿಗೆ ಗಾರೆ ಮೆತ್ತಿದ್ದಾರೆ. ನೀನು ಬರೆದ ಕಾಗದವನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಅದರ ಪ್ರತಿಗಳನ್ನು ನನ್ನ ಕೈಯಾರೆ ನಾಶ ಮಾಡಿದ್ದೇನೆ. ನಾನು ಹೇಳಿದ್ದನ್ನು ಇನ್ನು ನೀನು ಯಾಕೆ ನಂಬಬೇಕು ಎನ್ನುವುದು ಬೇರೆ ಮಾತು.

ನನ್ನನ್ನು ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಅಮ್ಮನಿಗೆ ಏನೂ ತಿಳಿದಿಲ್ಲ. ನೀನೇ ಯಾವತ್ತಾದರೂ ಹೇಳಿದರೆ ಹೇಳು, ನನ್ನ ಬಾಯಿಂದ ಬರುವುದಿಲ್ಲ. ಅವಳು ನಿನಗೆ ಆಶೀರ್ವಾದ ಬರೆಯಲು ಹೇಳಿ, ಮೈ ಹುಷಾರು ಎಂದು ಎರಡೆರಡು ಸಲ ಹೇಳಿ ಮಲಗಲು ಹೋಗಿದ್ದಾಳೆಂದು ಬರೆದರೆ ಸುಳ್ಳಾಗುತ್ತದೆ, ನಾನಿನ್ನೂ ಕಚೇರಿಯಲ್ಲೇ ಇದ್ದೇನೆ. ಆದರೆ ಬೆಳಗ್ಗೆ ಹೊರಡುವಾಗ ಅಷ್ಟೂ ಹೇಳಿದ್ದು ನಿಜ. ಇನ್ನು ಸಣ್ಣಪುಟ್ಟ ಸುಳ್ಳನ್ನೂ ಬರೆಯುವುದಿಲ್ಲ.

ನಾಚಿಕೆಯಿಂದ ತಲೆ ಎತ್ತಲಾರದ
ನಿನ್ನ ಪುಟ್ಟಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ, ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ: ಹೊಲಿಗೆಯಮ್ಮ ಭಾನುವಾರ ನಿನ್ನಲ್ಲಿಗೆ ಬರುತ್ತಿದ್ದಾರೆ. ಹನ್ನೊಂದರ ಬಸ್ಸು. ನಿನ್ನನ್ನು ಕೇಳದೆ ಮತ್ತೊಂದು ಸಲ ನಾನೇ ನಿನ್ನ ವಿಳಾಸ ಕೊಟ್ಟೆ, ಅವರು ಕೇಳಿದಾಗ ಇಲ್ಲ ಅನ್ನಲಾಗಲಿಲ್ಲ. ಬೈಯುತ್ತಾರೋ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಡ್ಯೂಟಿ ಹಾಕಿಸಿಕೊಂಡು ಎಲ್ಲಿಗೂ ಹೋಗಿಬಿಡಬೇಡ ಅಣ್ಣಾ, ಮನೆಯಲ್ಲೇ ಇರು. ಅವರಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಬಲಗಡೆ ಕೂತು ಹೇಳು.