ನಿನ್ನ ಸಭೆಯ ಮೇಲೆ ನನ್ನ ಹೊಟ್ಟೆಕಿಚ್ಚು

ಶನಿವಾರ, ಮಾರ್ಚ್ ೧೪

ನನ್ನ ಮುದ್ದಿನ ಪುಟ್ಟಿಗೆ,

ಕರ್ತನಲ್ಲಿ ನಿನ್ನ ಅಕ್ಕನ ವಂದನೆಗಳು.

ನಿನ್ನ ಕಾಗದ ಗುರುವಾರ ಬಂತು. ಇನ್ನು ಚರ್ಚಿನಲ್ಲಿ ಪ್ರಸಂಗ ಮಾಡುವುದಿಲ್ಲ, ಪಾಸ್ಟರ್ ಸೇವೆ ಬಿಟ್ಟು ಮತ್ತೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡಲು ಹೋಗುತ್ತೇನೆ, ತಿಂಗಳ ಕೊನೆಗೆ ಸಭೆಗೆ ತಿಳಿಸುತ್ತೇನೆ ಎಂದು ಬರೆದಿದ್ದೀಯ. ಓದಿ ನಾನೇನು ಮಾಡಿದೆ ಗೊತ್ತಾ? ಅಳಲಿಲ್ಲ. ಸಕ್ಕರೆ ಜಾಸ್ತಿ ಹಾಕಿ ಟೀ ಮಾಡಿಕೊಂಡು ಕುಡಿದೆ. ಮೆಟ್ಟಿಲು ಇಳಿಯುವಾಗ ಹಾಡಿಕೊಂಡೆ. ಕೆಳಗಿನ ಸೈಕಲ್ ರಿಪೇರಿಯವನು, ಏನಕ್ಕಾ ಇವತ್ತು ಭಾರಿ ಖುಷಿ ಅಂತ ಕೇಳಿದ. ತಂಗಿಯ ಕಾಗದ ಬಂತು ಎಂದೆ. ಅದಂತೂ ಸುಳ್ಳಲ್ಲ.

ಹೌದು ಕಣೇ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇಬ್ಬರೂ ಕಲಿತದ್ದು ಒಂದೇ ಬೈಬಲ್ ಶಾಲೆ, ಕೂತದ್ದು ಒಂದೇ ಬೆಂಚು. ನಾನು ಟಿಪ್ಪಣಿ ಬರೆದರೆ ನೀನು ಕದ್ದು ನೋಡುತ್ತಿದ್ದೆ. ಈಗ ನಿನ್ನ ಸಭೆಗೆ ಬಾಗಿಲಾಚೆಯೂ ಕುರ್ಚಿ ಹಾಕಬೇಕು. ನನ್ನ ಸಭೆ ಸೈಕಲ್ ಅಂಗಡಿಯ ಮೇಲಿನ ಕೋಣೆ. ಹನ್ನೆರಡು ವರ್ಷಕ್ಕೆ ಹನ್ನೊಂದು ಜನ. ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರೆ ಸಾಕು, ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು. ಮುಂದಿನ ಸಾಲಿನಲ್ಲೇ ಕೂರುವ ದರ್ಜಿ ಅಮ್ಮ, ನಿಮ್ಮ ತಂಗಿ ಎಷ್ಟು ಚೆಂದ ಮಾತಾಡ್ತಾರೆ, ಫೋನಲ್ಲಿ ಕೇಳ್ದೆ ಅಂತ ಪ್ರತಿ ವಾರ ನನಗೇ ಹೇಳುತ್ತಾರೆ. ದೇವರಿಗೆ ಸ್ತೋತ್ರ ಎನ್ನುತ್ತೇನೆ. ಒಳಗೆ ಉರಿದುಹೋಗುತ್ತೇನೆ.

ಕೋಣೆಯ ಬೀಗದ ಕೈಯನ್ನು ಮಾಲೀಕರಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ ಎಂದು ಎಷ್ಟು ಸಲ ಅಂದುಕೊಂಡೆನೋ. ಬಿಡಲಿಲ್ಲ. ಅದಕ್ಕೆ ನನ್ನ ಭಕ್ತಿ ಕಾರಣವೆಂದು ಜನ ತಿಳಿದಿದ್ದಾರೆ. ಪುಟ್ಟಿ ಬಿಡುವ ಮುಂಚೆ ನಾನು ಬಿಡಬಾರದು ಎಂಬ ಹಟವೇ ಎಷ್ಟೋ ಭಾನುವಾರ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು. ದೇವರು ಅದನ್ನೂ ಬಳಸಿಕೊಂಡನೇನೋ, ನನಗೆ ತಿಳಿಯದು.

ಈಗ ಹೇಳಲೇಬೇಕಾದದ್ದು. ಹೆಸರಿಲ್ಲದ ಮೂರು ಕಾಗದಗಳು ನಿನ್ನ ಮನಸ್ಸು ಮುರಿದವು ಎಂದು ಬರೆದಿದ್ದೀಯ. ನಿನ್ನ ಪ್ರಸಂಗದಲ್ಲಿ ನೀನೇ ಇರುತ್ತೀಯ, ದೇವರಿಲ್ಲ ಎಂದು ಅವುಗಳಲ್ಲಿತ್ತಲ್ಲ, ಆ ಮೂರನ್ನೂ ಬರೆದವಳು ನಾನು. ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎನ್ನುತ್ತಾರೆ, ಅದು ನನಗೇ ಹೇಳಿದ ಮಾತು. ಎಡಗೈಯಲ್ಲಿ ಬರೆದು, ಪಕ್ಕದೂರಿಗೆ ಬಸ್ಸಿನಲ್ಲಿ ಹೋಗಿ ಅಂಚೆಗೆ ಹಾಕಿದೆ. ಅಷ್ಟೆಲ್ಲ ಹುಷಾರಿದ್ದರೂ ಕೈಗೆ ಅಂಟಿದ ಅಭ್ಯಾಸ ಬಿಡಲಿಲ್ಲ, ಮೂರೂ ಕಾಗದದ ತಲೆಯಲ್ಲಿ ‘ಕರ್ತನಲ್ಲಿ ವಂದನೆಗಳು’ ಎಂದು ಹಾಕಿದ್ದೆ. ಅದನ್ನು ನೋಡಿಯೂ ನಿನಗೆ ಅನುಮಾನ ಬರಲಿಲ್ಲ. ಅಕ್ಕ ಅಂಥವಳಲ್ಲ ಎಂದುಕೊಂಡಿರುತ್ತೀಯ.

ಅವುಗಳಲ್ಲಿ ಬರೆದದ್ದು ಸುಳ್ಳು. ನಿನ್ನ ಒಂದೊಂದು ಪ್ರಸಂಗವನ್ನೂ ಬಾಗಿಲು ಹಾಕಿಕೊಂಡು ಕೇಳಿದ್ದೇನೆ. ಹೋದ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದಾಗ ನನಗೆ ಧೈರ್ಯ ಕೊಟ್ಟದ್ದು ನಿನ್ನ ಮಾತೇ. ಅದಕ್ಕೂ ಸಿಟ್ಟು ಬಂದಿತ್ತು. ಸೇವೆ ಬಿಡಬೇಡ ಪುಟ್ಟಿ. ಬಿಡುವುದಾದರೆ ದೇವರು ಹೇಳಿದ್ದಕ್ಕೆ ಬಿಡು, ನಾನು ಹೇಳಿದ್ದಕ್ಕೆ ಬೇಡ. ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: ಇವತ್ತು ಭಾನುವಾರ. ಅಂಚೆಗೆ ಹಾಕದೆ ಜಾರಿಕೊಂಡೇನು ಎಂದು ನನಗೇ ಭಯವಾಗಿ, ಪ್ರಸಂಗದ ಬದಲು ಈ ಕಾಗದವನ್ನೇ ಸಭೆಯಲ್ಲಿ ಓದಿಬಿಟ್ಟೆ. ಇಬ್ಬರು ಎದ್ದು ಹೋದರು. ಉಳಿದ ಒಂಬತ್ತು ಜನರೂ ಅತ್ತರು. ದರ್ಜಿ ಅಮ್ಮ ನನ್ನ ಕೈ ಹಿಡಿದು, ಮುಂದಿನ ವಾರಾನೂ ಬಾಗಿಲು ತೆಗೀರಿ ಅಂದರು. ಹನ್ನೆರಡು ವರ್ಷದಲ್ಲಿ ನನ್ನ ಮಾತಿಗೆ ಒಬ್ಬರ ಕಣ್ಣೂ ಒದ್ದೆಯಾಗಿರಲಿಲ್ಲ ಕಣೇ. ಒದ್ದೆಯಾದದ್ದೂ ನಿನ್ನ ವಿಷಯ ಬಂದಾಗಲೇ ಎಂದು, ನಿಂತಲ್ಲೇ ಮತ್ತೆ ನಿನ್ನ ಮೇಲೆ ಹೊಟ್ಟೆ ಉರಿಯಿತು.