ಸೋಮವಾರ ಹೊರಡಬೇಡ

ಗಜೇಂದ್ರಗಡ
21 ಫೆಬ್ರವರಿ 2025, ಶುಕ್ರವಾರ

ಪ್ರೀತಿಯ ತಮ್ಮ ಚನ್ನಬಸವ,

ಬಾಯಿಹುಣ್ಣು ಮಾಯಿತೇ? ಗಂಜಿಯಾದರೂ ಗಂಟಲಲ್ಲಿ ಇಳಿಯುತ್ತಿದೆಯೇ? ನನ್ನ ಸೊಂಟದ ನೋವು ಹೋಗಿದೆ. ತಮ್ಮನಿಗೆ ಎಲುಬಿನ ಮಜ್ಜೆ ಕೊಟ್ಟವಳೆಂದು ಓಣಿಯವರು ಇನ್ನೂ ನನಗೆ ಕೊಡ ಎತ್ತಲು ಬಿಡುತ್ತಿಲ್ಲ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ಕಳಿಸುವುದಿಲ್ಲ, ಫೋಟೊ ತೆಗೆದು ನೇತ್ರಾಳ ಮೊಬೈಲಿಗೆ ಹಾಕುತ್ತೇನೆ. ಹೆಂಡತಿ ಎದುರಿಗೆ ಹಿಡಿದು ನಿಂತರೆ ತೆಪ್ಪಗೆ ಓದುತ್ತೀ.

ರಕ್ತದ ಎಣಿಕೆ ಏರಿದೆ, ಮಗಳನ್ನು ನೋಡಬೇಕು, ಡಾಕ್ಟರರ ಕೈಕಾಲು ಹಿಡಿದಾದರೂ ಸೋಮವಾರ ಆಸ್ಪತ್ರೆ ಬಿಟ್ಟು ಊರಿಗೆ ಬರುತ್ತೇನೆ ಎಂದೆಯಂತೆ. ಏನು ಅವಸರವೋ ನಿನಗೆ. ನಾನೇ ಡಾಕ್ಟರರಿಗೆ ಫೋನು ಮಾಡಿ ಕೇಳಿದೆ. ನನ್ನ ಮಜ್ಜೆಯಿಂದ ನಿನ್ನಲ್ಲಿ ಮೊದಲು ತಲೆ ಎತ್ತಿರುವವು ಎನ್‌ಕೆ ಕಣಗಳಂತೆ, ಸೋಂಕು ತಗಲಿದ ಕಣವನ್ನು ಕಂಡಲ್ಲೇ ಕೊಲ್ಲುವಂಥವು. ಆದರೆ ಈಗ ಎಣಿಕೆಗೆ ಸಿಕ್ಕಿರುವವು ಹೆಚ್ಚಾಗಿ ಎಳೆಯವು. ಪಕ್ಕದ ಕಣಗಳು ಐಎಲ್-15 ಎಂಬ ವಸ್ತು ಒದಗಿಸದಿದ್ದರೆ ಅವು ಬೆಳೆಯುವುದಿರಲಿ, ಬದುಕುವುದೂ ಇಲ್ಲ. ಒಳಗಿನ ಜೀನುಗಳ ಸ್ವಿಚ್ಚು ಒಂದಾದ ಮೇಲೊಂದು ಬೀಳಬೇಕು. ಮೈಯ ಸ್ವಂತ ಕಣದ ಗುರುತು ನೋಡಿ ಕೈ ತಡೆಯುವುದನ್ನೂ ಕಲಿಯಬೇಕು. ಅದು ಬಂದ ಮೇಲೆಯೇ ಹೊಡೆಯುವ ಪೂರ್ತಿ ಬಲ. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು.

ಕಂಡಿಕೆಗೆ ನೂಲು ಸುತ್ತಲು ಕಲಿತ ಹುಡುಗಿಯನ್ನು ಮರುದಿನವೇ ಕೊಂಡಿಗೆ ಕೂರಿಸುತ್ತೇವೆಯೇ? ಸೀರೆಯ ಒಡಲಿಗೆ ಸೆರಗಿನ ಎಳೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವಾಗ ನನ್ನ ಎದುರಿಗೆ ಕೂರಲು ನಿನಗೇ ಆರು ವರ್ಷ ಬೇಕಾಯಿತು. ನಾವು ಅರ್ಧಕ್ಕೆ ಬಿಟ್ಟ ಸೀರೆ ಮಗ್ಗದ ಮೇಲೆ ಹಾಗೇ ಇದೆ. ಬೇರೆ ಯಾರನ್ನೂ ಕರೆದಿಲ್ಲ. ನಿನ್ನ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಭಯವಿದೆ.

ಅವ್ವ ಇಲ್ಲಿಂದಲೇ ನಿಮ್ಮಿಬ್ಬರ ತಲೆಯ ಮೇಲೆ ಕೈ ಇಟ್ಟಿದ್ದಾಳೆ.

ನಿನ್ನ ಅಕ್ಕ,
ಭುವನೇಶ್ವರಿ

ತಾ.ಕ.: ಚಿನ್ನು ನಾಲ್ಕು ದಿನದಿಂದ ಯಾಕೆ ಫೋನಿಗೆ ಬರುತ್ತಿಲ್ಲ ಎಂದು ನೀನು ಕೇಳಿದ್ದೆ. ಶಾಲೆಯಲ್ಲಿದ್ದಾಳೆ ಎಂದು ನಾನು ಹೇಳಿದ್ದು ಸುಳ್ಳು. ಅವಳಿಗೆ ಚಿಕನ್‌ಪಾಕ್ಸ್ ಎದ್ದಿದೆ, ಬಾಗಿಲಿಗೆ ಬೇವು ಕಟ್ಟಿದ್ದೇವೆ. ಮನೆಗೆ ಬಂದ ದೇವಿಯನ್ನು ರೋಗ ಅನ್ನಬಾರದೆಂದು ಅವ್ವ ನನ್ನ ಬಾಯಿ ಕಟ್ಟಿದ್ದಳು. ಡಾಕ್ಟರರಿಗೆ ನಾನು ರೋಗದ ಹೆಸರು ಹಿಡಿದೇ ಹೇಳಿದೆ. ಇದನ್ನು ತಡೆಯಲು ನಿನ್ನ ಎಳೆಯ ಕಣಗಳು ಸಾಲವು, ನಿನಗೆ ತಗಲಿದರೆ ಜೀವಕ್ಕೇ ಕುತ್ತು ಬರಬಹುದು ಎಂದರು. ನೇತ್ರಾಳನ್ನೂ ಕಳಿಸಬೇಡ. ಹುಡುಗಿಗೆ ಜ್ವರ ಇಳಿದಿದೆ, ಮೊಸರನ್ನ ಉಣ್ಣುತ್ತಿದ್ದಾಳೆ. "ಅಪ್ಪಗ ಹೇಳಬ್ಯಾಡ ಅತ್ತಿ, ಓಡಿ ಬರ್ತಾನ" ಅಂದಳು. ನಾನು ಹೇಳಿಬಿಟ್ಟೆ. ನೀನು ಓಡಿ ಬರಬೇಡ.